ಗಿಟಾರಿನ ಏಕವಾದನವು ಹಿರಿದಾಗುವುದು ಯಾವುದರಿಂದ?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಕೂಟವು ಸೇರಿದ್ದ ಒಂದು ಸಾಯಂಕಾಲ, ಈಗ ಮಕ್ಕಳ ತಾಯಿಯಾಗಿರುವ ಒಬ್ಬರು ನಮ್ಮ ಬಳಿಗೆ ಬಂದು ಹೀಗೆ ಕೇಳಿದರು: “ಟೀಚರಮ್ಮಾ, ನೀವು ನಮಗೆ ಹಾರ್ಮೋನಿಯಮ್ಮು ಕಲಿಸಿದಿರಿ, ನಾವೂ ಸಂತೋಷದಿಂದ ಕಲಿತೆವು. ಈಗ ನನ್ನ ಮಗಳು ವಿದ್ಯುತ್ ಗಿಟಾರೇ ಬೇಕೆಂದು ಹಟ ಹಿಡಿದಿದ್ದಾಳೆ. ದಿನವೂ ಒಂದೇ ಹಾಡನ್ನು ಕೇಳುತ್ತಾಳೆ. ಹಾಡುವವರ ಮಾತು ನಿಂತು ಬರಿಯ ಗಿಟಾರು ಕೂಗುವ ಭಾಗವು ಬಂತೆಂದರೆ, ತಟ್ಟೆಯ ಮೇಲಿಟ್ಟ ಕೈಯನ್ನು ಎತ್ತುವುದೇ ಇಲ್ಲ. ಆ ಕೂಗಾಟದಲ್ಲಿ ಸಂಗೀತವೆಲ್ಲಿದೆ, ನೀವೇ ಹೇಳಿರಿ.” ಅವರ ಪಕ್ಕದಲ್ಲಿ ನಿಂತಿದ್ದ ಮತ್ತೊಬ್ಬ ಪೋಷಕರು ಕೂಡಲೇ, “ಹಾಗೆನ್ನಬೇಡಿರಮ್ಮಾ, ಅದರಲ್ಲಿ ಬೆರಳುಗಳು ಎಷ್ಟು ವೇಗವಾಗಿ ಓಡುತ್ತವೆ, ನೋಡಿದಿರಾ?” ಎಂದರು.

ಅಂದು ಬಂದವರ ಗದ್ದಲದಲ್ಲಿ ನಾವು ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಆದರೆ ಮನೆಗೆ ಹಿಂದಿರುಗುವಾಗ, ಆ ಇಬ್ಬರೂ ಸ್ವಲ್ಪ ಸ್ವಲ್ಪ ತಪ್ಪಿದರೆಂದು ನಮಗೆ ತೋರಿತು. ಅದರಲ್ಲಿ ಏನೂ ಇಲ್ಲವೆಂದು ಒಬ್ಬರು ಎಣಿಸಿದರು. ಇರುವುದೆಲ್ಲ ವೇಗವೇ ಎಂದು ಇನ್ನೊಬ್ಬರು ಎಣಿಸಿದರು. ಆದಕಾರಣ ಈ ಸಂಚಿಕೆಯ ಮೂಲಕ ಅವರಿಬ್ಬರಿಗೂ, ಅವರಂತೆ ಮನೆಯಲ್ಲಿ ಗಿಟಾರಿನ ಧ್ವನಿಯನ್ನು ಕೇಳುತ್ತಿರುವ ಉಳಿದ ತಾಯಿತಂದೆಗಳಿಗೂ ಉತ್ತರ ಹೇಳಲು ಯತ್ನಿಸುತ್ತೇವೆ.

ಮೊದಲು, ಏಕವಾದನವೆಂದರೇನು? ರಾಕ್ ಎಂದು ಕರೆಯಲ್ಪಡುವ ಪಾಶ್ಚಾತ್ಯ ಸಂಗೀತದಲ್ಲಿ ಸಾಮಾನ್ಯವಾಗಿ ಒಬ್ಬರು ಎರಡು ಮೂರು ಚರಣಗಳನ್ನೂ ನಡುನಡುವೆ ಪಲ್ಲವಿಯನ್ನೂ ಹಾಡುತ್ತಾರೆ. ಆ ಬಳಿಕ ಕಂಠವು ಸುಮ್ಮನಾಗುತ್ತದೆ. ಡ್ರಮ್ಮೂ ಮಂದ್ರದ ತಂತಿಗಳೂ ನಿಲ್ಲದೆ ನಡೆಯುತ್ತಿರಲು, ಒಂದೇ ಗಿಟಾರು ಎಂಟು, ಹನ್ನೆರಡು ಅಥವಾ ಹದಿನಾರು ಆವರ್ತಗಳ ಕಾಲ ಕಂಠದ ಸ್ಥಾನವನ್ನು ಹಿಡಿಯುತ್ತದೆ. ಇದನ್ನೇ ಅವರು ಸೋಲೋ ಎನ್ನುತ್ತಾರೆ. ಹಾಡುವವನು ನೀರು ಕುಡಿದು ಬರುವ ವರೆಗೆ ಹೊತ್ತು ಕಳೆಯುವುದು ಇದರ ಕೆಲಸವೆಂದು ತಿಳಿಯಕೂಡದು. ಮಾತಿನಿಂದ ಹೇಳಿ ಮುಗಿಯದೆ ಉಳಿದುದನ್ನು ಮಾತಿಲ್ಲದೆ ಹೇಳುವುದೇ ಇದರ ಕೆಲಸ.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ಅರಿಯಲು ವಾದ್ಯವನ್ನೇ ಸ್ವಲ್ಪ ನೋಡಬೇಕು. ಮರದ ಗಿಟಾರಿನ ಧ್ವನಿಯು ಬಲು ಮೆತ್ತಗಿನದು. ತುತ್ತೂರಿಗಳೂ ಡ್ರಮ್ಮುಗಳೂ ಕೂಡಿದ ಮೇಳದಲ್ಲಿ ಅದು ಕೇಳಿಸುತ್ತಲೇ ಇರಲಿಲ್ಲ. ೧೯೩೧ರಲ್ಲಿ ಅಮೇರಿಕೆಯ ಜಾರ್ಜ್ ಬೋಷಾಂ ಎಂಬವರು ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಅದೇನಂದರೆ, ಉಕ್ಕಿನ ತಂತಿಗಳ ಸಮೀಪದಲ್ಲಿ ಅಯಸ್ಕಾಂತವನ್ನೂ, ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಯನ್ನೂ ಇಡುವುದು. ತಂತಿಯು ಅದಿರಿದರೆ ಸುರುಳಿಯಲ್ಲಿ ಅದೇ ರೀತಿಯಾಗಿ ಅದಿರುವ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಧ್ವನಿವರ್ಧಕವು ಹಿಗ್ಗಿಸಿ ಹೊರಗೆ ಕೇಳಿಸುತ್ತದೆ. ೧೯೩೯ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣರು ಬೆನ್ನಿ ಗುಡ್‌ಮನ್ ಅವರ ಮೇಳವನ್ನು ಸೇರಿ, ಈ ಬಗೆಯ ಗಿಟಾರೂ ತುತ್ತೂರಿಗೆ ಸಮಾನವಾಗಿ ಎದ್ದುನಿಂತು ಮಾತಾಡಬಲ್ಲದೆಂದು ತೋರಿಸಿದರು. ಅವರು ೧೯೪೨ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ, ತೀರಿಕೊಂಡರು. ಅವರು ತೆರೆದ ದಾರಿಯು ಮಾತ್ರ ಮುಚ್ಚಲಿಲ್ಲ.

ಇನ್ನೊಂದು ಸಂಗತಿಯೂ ಉಂಟು. ಧ್ವನಿವರ್ಧಕವನ್ನು ಅದರ ಶಕ್ತಿಗೆ ಮೀರಿ ದುಡಿಸಿದರೆ ಧ್ವನಿಯ ಅಲೆಯ ತುದಿಯು ಚಪ್ಪಟೆಯಾಗಿ, ಮೂಲಸ್ವರದೊಂದಿಗೆ ಅನೇಕ ಮೇಲುಸ್ವರಗಳು ಬೆರೆತು, ನಾದವು ಒರಟಾಗುತ್ತದೆ; ಬೇಗನೆ ಅಡಗದೆ ಬಹಳ ಹೊತ್ತು ನಿಲ್ಲುತ್ತದೆ. ನಮ್ಮ ಕಿವಿಗೆ ಕೂಗಾಟವೆಂದು ತೋರುವುದು ಇದೇ. ಆದರೆ ಮೀಟಿದ ಕೂಡಲೇ ಸಾಯುತ್ತಿದ್ದ ಸ್ವರವು ಇದರಿಂದಾಗಿ ಕಂಠದ ಸ್ವರದಂತೆ ಎಳೆದಷ್ಟು ಎಳೆಯಲು ಒದಗಿತು. ವೀಣೆಯನ್ನು ಬಲ್ಲ ನಮ್ಮವರಿಗೆ ಮುಂದಿನದನ್ನು ವಿವರಿಸುವುದು ಸುಲಭ. ವೈಣಿಕರು ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು, ಒಂದು ಸ್ವರದಿಂದ ಇನ್ನೊಂದಕ್ಕೆ ಹಾರದೆ ಜಾರಿ ಹೋಗುವುದುಂಟಲ್ಲವೆ? ಆ ಎಳೆತದಲ್ಲಿಯೇ ಗಮಕದ ಪ್ರಾಣವಿರುವುದು. ಗಿಟಾರಿನವರೂ ಹೀಗೆಯೇ ತಂತಿಯನ್ನು ಎಳೆಯುತ್ತಾರೆ, ಅಲುಗಿಸುತ್ತಾರೆ. ಎಷ್ಟು ಎಳೆಯಬೇಕು, ಎಷ್ಟು ಹೊತ್ತಿನಲ್ಲಿ ಮುಟ್ಟಬೇಕು, ಮುಟ್ಟಿದ ಮೇಲೆ ಎಷ್ಟು ನಡುಗಿಸಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಆದಕಾರಣವೇ, ಪರಿಚಿತರ ಕೆಮ್ಮಿನಿಂದ ಅವರನ್ನು ನಾವು ಕತ್ತಲೆಯಲ್ಲಿಯೂ ಗುರುತಿಸುವಂತೆ, ಕೇಳಿ ಪಳಗಿದವರು ಎರಡು ಸ್ವರಗಳಿಂದಲೇ ವಾದಕರನ್ನು ಗುರುತಿಸುತ್ತಾರೆ.

ವಾದ್ಯವು ಹೀಗೆ ಕಂಠಕ್ಕೆ ಸಮೀಪವಾದ ಮೇಲೆ, ಒಳ್ಳೆಯ ಏಕವಾದನದ ಮೊದಲನೆಯ ಲಕ್ಷಣವು ತಾನಾಗಿ ತಿಳಿಯುತ್ತದೆ: ಅದು ಉಸಿರಾಡಬೇಕು. ಮಾತನಾಡುವವನು ಒಂದು ವಾಕ್ಯವನ್ನು ಹೇಳಿ ನಿಲ್ಲುತ್ತಾನೆ. ಕೇಳಿದವನ ಮನಸ್ಸಿನಲ್ಲಿ ಅದು ಇಳಿದ ಮೇಲೆ ಮುಂದಿನದನ್ನು ಹೇಳುತ್ತಾನೆ. ನಿಲ್ಲಿಸದೆ ಮಾತನಾಡುವವನ ಮಾತು ಯಾರಿಗೂ ಬೇಡ. ಬ್ಲೂಸ್ ಎಂಬ ಸಂಗೀತದ ಗುರುವಾದ ಬಿ. ಬಿ. ಕಿಂಗ್ ಅವರು (೧೯೨೫-೨೦೧೫) ಹಾಡುವಾಗ ಗಿಟಾರನ್ನು ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಒಂದು ಸಾಲನ್ನು ಹಾಡಿ, ಆ ಸಾಲಿಗೆ ಗಿಟಾರಿನಿಂದ ಉತ್ತರವನ್ನು ಹೇಳಿಸುವರು. ಹೀಗೆ ಕರೆಯುವುದೂ ಓಗೊಡುವುದೂ ಅಮೇರಿಕೆಯ ಕರಿಯ ಜನರು ಹೊಲಗಳಲ್ಲಿ ದುಡಿಯುವಾಗಲೂ ದೇವಾಲಯಗಳಲ್ಲಿ ಆರಾಧಿಸುವಾಗಲೂ ಬೆಳೆಸಿಕೊಂಡ ರೂಢಿ. ರಾಕ್ ಸಂಗೀತದ ಏಕವಾದನಕ್ಕೆ ಇದೇ ಬೇರು.

ಆ ಬೇರಿನ ಹತ್ತಿರ ನಿಂತಿರುವವರಲ್ಲಿ ಒಬ್ಬ ಸ್ತ್ರೀಯಿರುವರೆಂದು ನಮ್ಮ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ತಿಳಿಯದು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬವರು ೧೯೧೫ರಲ್ಲಿ ಆರ್ಕಾನ್ಸಾ ಸಂಸ್ಥಾನದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ ಹುಟ್ಟಿದರು. ತಾಯಿ ಕೇಟಿ ಬೆಲ್ ಅವರು ಊರೂರಿಗೆ ಹೋಗಿ ಸುವಾರ್ತೆಯನ್ನು ಸಾರುವವರು, ಮ್ಯಾಂಡೊಲಿನನ್ನು ನುಡಿಸುವವರು. ಮಗಳು ತಾಯಿಯೊಂದಿಗೆ ತಿರುಗುತ್ತ ಎಳೆವಯಸ್ಸಿನಲ್ಲಿಯೇ ಗಿಟಾರು ಹಿಡಿದು ಸಭೆಗಳ ಮುಂದೆ ಹಾಡಿದರು. ೧೯೩೮ರಲ್ಲಿ ಅವರ ಮೊದಲ ತಟ್ಟೆಗಳು ಮುದ್ರಿತವಾದವು. ಅದೇ ಭಕ್ತಿಗೀತೆಗಳನ್ನು ಅವರು ನ್ಯೂಯಾರ್ಕಿನ ವಿನೋದಶಾಲೆಗಳಲ್ಲಿಯೂ ಹಾಡಿದ್ದರಿಂದ ಸಭೆಯ ಅನೇಕರು ಬೇಸರಪಟ್ಟರು. ಆದರೂ ಅವರು ಹಾಡನ್ನಾಗಲಿ ಗಿಟಾರನ್ನಾಗಲಿ ಬಿಡಲಿಲ್ಲ.

೧೯೬೪ನೇ ಮೇ ತಿಂಗಳ ೭ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ರೈಲು ನಿಂತುಹೋಗಿದ್ದ ಒಂದು ನಿಲ್ದಾಣದಲ್ಲಿ ನಡೆದ ಅವರ ವಾದನದ ಚಿತ್ರವು ಈಗಲೂ ಉಳಿದಿದೆ. ಓದುಗರು ಅದನ್ನು ಒಮ್ಮೆ ನೋಡಬೇಕು. ಹಳಿಗಳ ಈಚೆಯ ಕಟ್ಟೆಯ ಮೇಲೆ ಸಭಿಕರು, ಆಚೆಯ ಕಟ್ಟೆಯ ಮೇಲೆ ವಾದ್ಯದವರು. ಅಂದು ಮಳೆ ಬಂದಿತ್ತು. ನಲವತ್ತೊಂಬತ್ತು ವಯಸ್ಸಿನ ಆ ತಾಯಿಯು ಮಳೆಯನ್ನು ನೋಡಿ, ನೋಹನ ಕಾಲದ ಮಹಾಮಳೆಯ ಹಾಡನ್ನೇ ಮೊದಲು ಎತ್ತಿಕೊಂಡರು. ಕೊರಳಿನಿಂದ ಬಿಳಿಯ ಗಿಟಾರು ತೂಗುತ್ತಿದೆ. ಹಾಡಿನ ಮಾತು ನಿಂತೊಡನೆ ಗಿಟಾರು ಆರಂಭಿಸುತ್ತದೆ. ಅದರ ವಾಕ್ಯಗಳು ಚಿಕ್ಕವು. ಒಂದೊಂದು ವಾಕ್ಯದ ಕೊನೆಗೂ ಬಿಡುವಿದೆ. ಬೋಧಿಸಬಲ್ಲವರು ಸಭೆಯನ್ನು ಕಣ್ಣಿನಿಂದ ಅಳೆದು ಮುಂದಿನ ಮಾತನ್ನು ಆರಿಸುವಂತೆ, ಅವರು ಮುಂದಿನ ಸ್ವರವನ್ನು ಆರಿಸುತ್ತಾರೆ. ಬೆರಳಿನ ಚಮತ್ಕಾರವೇನೂ ಅಲ್ಲಿ ಹೆಚ್ಚಾಗಿಲ್ಲ. ಆದರೂ ನೋಡುವವರಿಗೆ ಕಣ್ಣು ತೆಗೆಯಲು ಆಗುವುದಿಲ್ಲ. ಯಾಕಂದರೆ ಹಾಡುವವರೂ ನುಡಿಸುವವರೂ ಅಲ್ಲಿ ಇಬ್ಬರಲ್ಲ, ಒಬ್ಬರೇ.

ಎರಡನೆಯ ಲಕ್ಷಣವೇನಂದರೆ, ತಕ್ಕ ಸ್ವರವು ತಕ್ಕ ಹೊತ್ತಿನಲ್ಲಿ ಬರಬೇಕು. ಏಕವಾದಕನ ಹಿಂದೆ ಉಳಿದ ವಾದ್ಯಗಳು ಸುಮ್ಮನಿರುವುದಿಲ್ಲ. ಒಂದು ಸ್ವರಮೇಳದಿಂದ ಇನ್ನೊಂದು ಸ್ವರಮೇಳಕ್ಕೆ ದಾಟುತ್ತಿರುತ್ತವೆ. ಅವು ದಾಟುವ ಕ್ಷಣವನ್ನು ಕೇಳಿ, ಹೊಸ ಮೇಳಕ್ಕೆ ಒಗ್ಗುವ ಸ್ವರದ ಮೇಲೆ ಕಾಲಿಡುವವನೇ ಜಾಣ. ಈಗಲ್ಸ್ ಎಂಬ ಮೇಳದವರು ೧೯೭೬ರಲ್ಲಿ ಹೊರಡಿಸಿದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಎಂಬ ಹಾಡಿನ ಕೊನೆಯಲ್ಲಿ ಡಾನ್ ಫೆಲ್ಡರ್, ಜೋ ವಾಲ್ಶ್ ಎಂಬ ಇಬ್ಬರು ಎರಡು ನಿಮಿಷಕ್ಕೂ ಮೀರಿ ನುಡಿಸುತ್ತಾರೆ. ಹಿಂದೆ ಎಂಟು ಸ್ವರಮೇಳಗಳ ಚಕ್ರವು ಮತ್ತೆ ಮತ್ತೆ ತಿರುಗುತ್ತಿರುತ್ತದೆ. ಮೊದಲು ಒಬ್ಬರು ಹೇಳಿ ಮತ್ತೊಬ್ಬರಿಗೆ ಬಿಟ್ಟುಕೊಡುತ್ತಾರೆ. ಕಡೆಗೆ ಇಬ್ಬರೂ ಜೊತೆಗೂಡಿ ಒಂದೊಂದು ಮೇಳದ ಸ್ವರಗಳನ್ನೇ ಮಣಿ ಪೋಣಿಸಿದಂತೆ ಬಿಡಿಬಿಡಿಯಾಗಿ ನುಡಿಸುತ್ತಾರೆ. ಒಬ್ಬರನ್ನೊಬ್ಬರು ಕೇಳದೆ ಇದು ನಡೆಯುವಂತಿಲ್ಲ. ಇದಕ್ಕೆ ತೀರ ಬೇರೆಯಾದ ಉದಾಹರಣೆಯೂ ಒಂದುಂಟು. ನೀಲ್ ಯಂಗ್ ಅವರ ೧೯೬೯ನೇ ಇಸವಿಯ ‘ಸಿನಮನ್ ಗರ್ಲ್’ ಎಂಬ ಹಾಡಿನ ಏಕವಾದನದಲ್ಲಿ ಹೆಚ್ಚುಕಡಿಮೆ ಒಂದೇ ಸ್ವರವನ್ನು ಮತ್ತೆ ಮತ್ತೆ ಮೀಟುತ್ತಾರೆ. ಹಿಂದಿನ ಮೇಳಗಳು ಬದಲಾಗುವುದರಿಂದ ಆ ಒಂದೇ ಸ್ವರದ ಬಣ್ಣವೂ ಬದಲಾಗುತ್ತದೆ. ವೇಗವೇ ಸರ್ವಸ್ವವೆಂಬ ನಮ್ಮ ಮಿತ್ರರು ಇದನ್ನು ಕೇಳಿ ಏನೆನ್ನುವರೋ!

ಮೂರನೆಯದಾಗಿ, ಏಕವಾದನಕ್ಕೆ ಹೊರಡುವ ಊರೂ ಸೇರುವ ಊರೂ ಇರಬೇಕು. ಮತ್ತು ಆ ಪ್ರಯಾಣವು ಹಾಡಿಗೆ ಬೇಕಾದದ್ದಾಗಿರಬೇಕು. ಪಿಂಕ್ ಫ್ಲಾಯ್ಡ್ ಮೇಳದವರ ‘ಕಂಫರ್ಟಬ್ಲಿ ನಂಬ್’ ಎಂಬ ೧೯೭೯ನೇ ಇಸವಿಯ ಹಾಡು ಇದಕ್ಕೆ ತಕ್ಕ ದೃಷ್ಟಾಂತ. ಆ ಹಾಡಿನಲ್ಲಿ ಇಬ್ಬರ ಮಾತಿದೆ. ವೈದ್ಯನಂತೆ ಪ್ರಶ್ನೆ ಕೇಳುವವನೊಬ್ಬನು. ಮನಸ್ಸೆಲ್ಲ ಮರಗಟ್ಟಿ, ಯಾವ ನೋವೂ ತನಗೆ ತಟ್ಟದೆಂದು ಹೇಳುವ ರೋಗಿಯೊಬ್ಬನು. ಡೇವಿಡ್ ಗಿಲ್ಮೋರ್ ಅವರು ಇದರಲ್ಲಿ ಎರಡು ಏಕವಾದನಗಳನ್ನು ನುಡಿಸಿದ್ದಾರೆ. ನಡುವೆ ಬರುವ ಮೊದಲನೆಯದು ರೋಗಿಯ ಪಲ್ಲವಿಯ ಮೇಳಗಳ ಮೇಲೆ ಮೃದುವಾಗಿ ಸಾಗುತ್ತದೆ. ಕೊನೆಯದು ವೈದ್ಯನ ಚರಣದ ದುಃಖಛಾಯೆಯ ಮೇಳಗಳ ಮೇಲೆ ಬರುತ್ತದೆ. ಅಷ್ಟರಲ್ಲಿ ಮಾತೆಲ್ಲ ಮುಗಿದಿದೆ. ರೋಗಿಯು ಬಾಯಿಬಿಟ್ಟು ಇನ್ನೇನನ್ನೂ ಹೇಳನು. ಆಗ ಗಿಟಾರು ಏಳುತ್ತದೆ. ಆತುರಪಡದೆ ಒಂದೊಂದೇ ಮೆಟ್ಟಲನ್ನು ಹತ್ತಿ, ಒಂದೊಂದು ಸ್ವರವನ್ನೂ ಹಿಂಡಿ ಎಳೆದು, ನೋವಿಲ್ಲವೆಂದವನ ನೋವನ್ನೆಲ್ಲ ಅದು ಹೊರಕ್ಕೆ ಹಾಕುತ್ತದೆ. ಹಾಡಿನ ಮಾತು ಯಾವುದನ್ನು ಅಲ್ಲಗಳೆಯಿತೋ ಅದನ್ನೇ ವಾದ್ಯವು ಒಪ್ಪಿಕೊಂಡಿತು. ಆ ಹುಡುಗಿಯು ಊಟವನ್ನು ಮರೆತು ಕುಳಿತದ್ದು ಇಂಥ ಯಾವುದೋ ಒಂದು ಮಾತನ್ನು ಕೇಳಿಯೇ ಇರಬೇಕೆಂದು ನಾವು ನಂಬುತ್ತೇವೆ. ಮನೆಯಲ್ಲಿ “ಏನಾಯಿತಮ್ಮಾ?” ಎಂದು ಕೇಳಿದರೆ “ಏನಿಲ್ಲ” ಎಂದು ಉತ್ತರ ಕೊಡುವ ವಯಸ್ಸು ಅವಳದು.

ಇಂಥ ವಾದನವು ಆ ಕ್ಷಣದಲ್ಲಿಯೇ ಹುಟ್ಟಬೇಕೆಂದು ಕೆಲವರ ಮತ. ಹಾಗೇನೂ ನಿಯಮವಿಲ್ಲ. ಚಾರ್ಲಿ ಕ್ರಿಶ್ಚಿಯನ್ನರಂಥವರು ಅಲ್ಲಿಯೇ ಕಲ್ಪಿಸಿ ನುಡಿಸಿದ್ದು ನಿಜ. ಆದರೆ ಗಿಲ್ಮೋರರು ಐದಾರು ಸಾರಿ ನುಡಿಸಿ, ಒಂದೊಂದರಲ್ಲಿಯೂ ಚೆನ್ನಾಗಿ ಬಂದ ತುಣುಕುಗಳನ್ನು ಗುರುತಿಸಿಕೊಂಡು, ಅವುಗಳನ್ನು ಜೋಡಿಸಿದರು. ಫೆಲ್ಡರರ ಕಥೆಯು ಇನ್ನೂ ಸ್ವಾರಸ್ಯವಾದದ್ದು. ಅವರು ಮನೆಯಲ್ಲಿ ಮೊದಲು ಕಟ್ಟಿದ ಮಾದರಿಯನ್ನು ಒಂದು ಕ್ಯಾಸೆಟ್ಟಿನಲ್ಲಿ ತುಂಬಿಟ್ಟಿದ್ದರು. ಮಯಾಮಿ ನಗರದಲ್ಲಿ ಹಾಡನ್ನು ಮುದ್ರಿಸುವಾಗ ಹೊಸದಾಗಿ ಏನನ್ನೋ ನುಡಿಸತೊಡಗಲು, ಜೊತೆಗಾರರಾದ ಡಾನ್ ಹೆನ್ಲಿಯವರು ತಡೆದು, ಆ ಮಾದರಿಯಲ್ಲಿ ಇದ್ದಂತೆಯೇ ಬೇಕೆಂದರು. ಕ್ಯಾಸೆಟ್ಟು ದೇಶದ ಮತ್ತೊಂದು ಕೊನೆಯಲ್ಲಿ, ಅವರ ಮನೆಯಲ್ಲಿತ್ತು. ಫೆಲ್ಡರರು ಮನೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಟೆಲಿಫೋನು ಮಾಡಿ, ಅದನ್ನು ಹುಡುಕಿಸಿ, ಟೆಲಿಫೋನಿನ ಬಳಿಯಲ್ಲಿ ಹಾಕಿಸಿ, ತಮ್ಮ ವಾದನವನ್ನು ತಾವೇ ಹಿಂದಕ್ಕೆ ಕಲಿತರು. ಇದರಿಂದ ನಾವು ತಿಳಿಯಬೇಕಾದದ್ದೇನಂದರೆ, ಹುಟ್ಟಿದ ಬಗೆಯು ಮುಖ್ಯವಲ್ಲ. ಹುಟ್ಟಿದ್ದು ಹಾಡಿಗೆ ಅಂಗವಾಗಿ ಒಗ್ಗಿತೇ ಎಂಬುದೇ ಮುಖ್ಯ. ಒಗ್ಗಿದ ಮೇಲೆ ಒಂದು ಸ್ವರ ತಪ್ಪಿದರೂ ಗೆಳೆಯರ ಕಿವಿಗೆ ನೋವಾಗುತ್ತದೆ.

ಹಾಗಾದರೆ ವೇಗವು ದೋಷವೋ? ಎಂದಿಗೂ ಅಲ್ಲ. ಎಡ್ಡಿ ವ್ಯಾನ್ ಹೇಲನ್ ಅವರ ‘ಇರಪ್ಷನ್’ ಎಂಬ ೧೯೭೮ನೇ ಇಸವಿಯ ವಾದನವು ಎರಡು ನಿಮಿಷಕ್ಕೂ ಕಡಿಮೆ; ಬೆರಳುಗಳು ಹಾರುವ ವೇಗವನ್ನು ಕೇಳಿ ಅಂದಿನ ಹುಡುಗರು ದಂಗಾದರು. ಆದರೆ ಅವರು ಚಿಕ್ಕಂದಿನಲ್ಲಿ ಶಾಸ್ತ್ರೀಯ ಪಿಯಾನೋವನ್ನು ಕಲಿತವರು. ಆ ವೇಗದ ಒಳಗೂ ಏರಿಳಿತವಿದೆ, ಕಟ್ಟುಪಾಡಿದೆ. ಅವರನ್ನು ಅನುಕರಿಸಿದ ಅನೇಕರಲ್ಲಿ ವೇಗವು ಮಾತ್ರ ಉಳಿಯಿತು, ಹೇಳಬೇಕಾದ ಮಾತು ಉಳಿಯಲಿಲ್ಲ. ಚೆನ್ನಾಗಿ ಓದಬಲ್ಲ ಹುಡುಗಿಗೂ ಬೇಗ ಓದಬಲ್ಲ ಹುಡುಗಿಗೂ ಇರುವ ಭೇದವನ್ನು ಬಲ್ಲ ನಮ್ಮ ಉಪಾಧ್ಯಾಯಿನಿಯರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಹೀಗಿರಲು, ಒಂದು ಏಕವಾದನವು ಒಳ್ಳೆಯದೋ ಅಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ನಮಗೆ ತಿಳಿದ ಪರೀಕ್ಷೆಯು ಒಂದೇ: ಅದನ್ನು ಬಾಯಿಂದ ಗುನುಗಲು ಬರುತ್ತದೆಯೇ ನೋಡಿರಿ. ಕ್ವೀನ್ ಎಂಬ ಮೇಳದವರ ‘ಬೊಹೀಮಿಯನ್ ರಾಪ್ಸಡಿ’ಯಲ್ಲಿ (೧೯೭೫) ಬ್ರಯನ್ ಮೇ ಅವರು ನುಡಿಸಿದ ಚಿಕ್ಕ ಏಕವಾದನವನ್ನು ಕೇಳಿದವರು ಪೂರ್ತಿಯಾಗಿ ಗುನುಗಬಲ್ಲರು. ಆ ಹಾಡನ್ನು ಕಟ್ಟಿದ ಫ್ರೆಡ್ಡಿ ಮರ್ಕ್ಯುರಿಯವರು ನಮ್ಮ ದೇಶದ ಪಂಚಗಣಿಯಲ್ಲಿ ಓದಿದವರು. ಮೇ ಅವರು ಹಾಡಿನ ರಾಗವನ್ನೇ ತಿರುಗಿ ನುಡಿಸದೆ, ಅದಕ್ಕೆ ಜೋಡಿಯಾಗಿ ನಿಲ್ಲುವ ಹೊಸ ರಾಗವೊಂದನ್ನು ಕಲ್ಪಿಸಿ, ದುಃಖದ ಭಾಗದಿಂದ ಮುಂದಿನ ನಾಟಕದಂಥ ಭಾಗಕ್ಕೆ ಸೇತುವೆಯನ್ನು ಕಟ್ಟಿದರು.

ಆ ಸೇತುವೆಯನ್ನು ಕಟ್ಟಿದ ಗಿಟಾರು ಅಂಗಡಿಯಿಂದ ತಂದದ್ದಲ್ಲವೆಂಬುದನ್ನು ಪೋಷಕರು ಲಕ್ಷ್ಯಕ್ಕೆ ತರಬೇಕು. ಕೊಳ್ಳಲು ಹಣ ಸಾಲದೆ ಇದ್ದುದರಿಂದ, ೧೯೬೩ರಲ್ಲಿ ಹದಿನಾರು ವಯಸ್ಸಿನ ಆ ಹುಡುಗರೂ ಅವರ ತಂದೆಯವರೂ ಸೇರಿ ಅದನ್ನು ಮನೆಯಲ್ಲಿ ಮಾಡತೊಡಗಿದರು. ಕತ್ತಿನ ಭಾಗಕ್ಕೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಒಳಗಿನ ಕಮಾನುಗಳು ಹಳೆಯ ಮೋಟಾರು ಸೈಕಲ್ಲಿನವು. ಮೆಟ್ಟಿಲುಗಳ ಗುರುತಿಗೆ ತಾಯಿಯ ಹೊಲಿಗೆಯ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು. ತಂತಿಗಳನ್ನು ಅಲುಗಿಸುವ ಹಿಡಿಯ ತುದಿಗೆ ಉಣ್ಣೆ ಹೆಣೆಯುವ ಕಡ್ಡಿಯ ಚೂರು. ತಂತಿಯನ್ನು ಮೀಟಲು ಅವರು ಆರು ಪೆನ್ನಿಯ ನಾಣ್ಯವನ್ನು ಹಿಡಿಯುವರು. ಸಂಗೀತಕ್ಕಾಗಿ ಅವರು ಬಿಟ್ಟಿದ್ದ ಖಗೋಳಶಾಸ್ತ್ರದ ಅಭ್ಯಾಸವನ್ನು ತಿರುಗಿ ಕೈಕೊಂಡು, ೨೦೦೭ರಲ್ಲಿ ಡಾಕ್ಟರ್ ಪದವಿಯನ್ನೂ ಪಡೆದರು. ಮಕ್ಕಳ ಹಂಬಲಕ್ಕೆ ತಾಯಿತಂದೆಗಳು ಒಂದು ಗುಂಡಿಯಷ್ಟು ಸಹಾಯ ಮಾಡಿದರೂ ಅದು ನಾದವಾಗಿ ಉಳಿಯುವುದುಂಟು.

ಥಾರ್ಪ್ ಅವರ ವಿಷಯವನ್ನು ಮುಗಿಸದೆ ನಾವು ಲೇಖನಿಯನ್ನು ಕೆಳಗಿಡಲಾರೆವು. ಅವರ ೧೯೪೪ನೇ ಇಸವಿಯ ಒಂದು ತಟ್ಟೆಯನ್ನು ರಾಕ್ ಸಂಗೀತದ ಮೊದಲ ತಟ್ಟೆಗಳಲ್ಲಿ ಒಂದೆಂದು ಅನೇಕ ಬಲ್ಲವರು ಎಣಿಸುತ್ತಾರೆ. ಮುಂದೆ ಹೆಸರಾದ ಹಲವು ತರುಣರು ಅವರನ್ನು ಕೇಳಿಯೇ ಬೆಳೆದರು. ಆದರೂ ೧೯೭೩ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಅವರು ತೀರಿಕೊಂಡ ಮೇಲೆ, ಮೂವತ್ತು ವರ್ಷಗಳಿಗೂ ಮಿಕ್ಕಿ ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಅಭಿಮಾನಿಗಳು ಹಣ ಕೂಡಿಸಿ ಕಲ್ಲನ್ನಿಡಿಸಿದ್ದು ಬಹಳ ತಡವಾಗಿ. ರಾಕ್ ಸಂಗೀತದವರ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿದ್ದು ೨೦೧೮ರಲ್ಲಿ. ಏಕವಾದನವೆಂದರೆ ಗಂಡುಮಕ್ಕಳ ಬೆರಳಿನ ಓಟವೆಂದು ಲೋಕವು ಎಣಿಸುತ್ತಿದ್ದ ಕಾಲವೆಲ್ಲ, ಅದನ್ನು ಮೊದಲು ನುಡಿಸಿದವರಲ್ಲಿ ಒಬ್ಬ ತಾಯಿಯ ಮಗಳು ಹೆಸರಿಲ್ಲದ ಮಣ್ಣಿನಲ್ಲಿ ಮಲಗಿದ್ದಳು.

ಆದುದರಿಂದ, ನಮ್ಮನ್ನು ಪ್ರಶ್ನೆ ಕೇಳಿದ ಆ ಹಳೆಯ ವಿದ್ಯಾರ್ಥಿನಿಗೆ ಈಗ ಉತ್ತರವನ್ನು ಹೇಳುತ್ತೇವೆ. ಅಮ್ಮಾ, ಇಂದು ಸಾಯಂಕಾಲ ಮಗಳ ಪಕ್ಕದಲ್ಲಿ ಕುಳಿತು ಆ ಹಾಡನ್ನು ಒಂದು ಸಾರಿ ಪೂರ್ತಿಯಾಗಿ ಕೇಳಿರಿ. ಗಿಟಾರಿನ ಭಾಗವು ಮುಗಿದ ಮೇಲೆ, ಅದನ್ನು ಬಾಯಿಂದ ಗುನುಗಿ ತೋರಿಸೆಂದು ಅವಳಿಗೆ ಹೇಳಿರಿ. ಅವಳು ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಮೊದಲಿನಿಂದ ಕೊನೆಯ ವರೆಗೆ ಗುನುಗಿದರೆ, ಆ ವಾದನದಲ್ಲಿ ಸಂಗೀತವಿದೆ. ನಿಮ್ಮ ಮಗಳಿಗೆ ಕೇಳುವ ಕಿವಿಯೂ ಇದೆ. ಆಮೇಲೆ ಗಿಟಾರನ್ನು ಕೊಡಿಸುವ ವಿಚಾರವನ್ನು ಅವಳ ತಂದೆಯವರೊಂದಿಗೆ ಮಾತಾಡಬಹುದು. ಮುಂದಿನ ಕೂಟಕ್ಕೆ ಬರುವಾಗ ಅವಳನ್ನೂ ಕರೆದುಕೊಂಡು ಬನ್ನಿರಿ. ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಒಂದು ಕುರ್ಚಿಗೆ ನಮ್ಮಲ್ಲಿ ಯಾವಾಗಲೂ ಸ್ಥಳವುಂಟು.